ಅಂಚೆಪೆಟ್ಟಿಗೆಯ ಮೇಲೆ ಮೂರು ಹೆಸರು

ಪ್ರಶ್ನೆ: ನನ್ನ ಪತಿಗೆ ಬರ್ಲಿನ್ ನಗರದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿದೆ. ಬ್ಲೂ ಕಾರ್ಡ್ ಎಂಬ ಯುರೋಪಿನ ಕೆಲಸದ ಪರವಾನಗಿಯ ಮೇಲೆ ಅಕ್ಟೋಬರ್ ಮೊದಲ ವಾರ ಸೇರಬೇಕು. ನಾನು ವಿಜಯನಗರದ ಪ್ರೌಢಶಾಲೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಮಗಳಿಗೆ ಆರು ವರ್ಷ ತುಂಬಿದೆ. ಮೂವರೂ ಒಟ್ಟಿಗೇ ಹೋಗುವುದು ಒಳ್ಳೆಯದೋ, ಅವರು ಮೊದಲು ಹೋಗುವುದು ಒಳ್ಳೆಯದೋ? ಹೋದ ಮೇಲೆ ಯಾವ ಕೆಲಸ ಮೊದಲು ಮಾಡಬೇಕು? ಜರ್ಮನ್ ಭಾಷೆಯ ಒಂದಕ್ಷರವೂ ತಿಳಿಯದ ನನಗೆ ಆ ಊರಿನಲ್ಲಿ ನನ್ನದೇ ಆದ ಬದುಕು ಸಿಕ್ಕೀತೇ? ಅತ್ತೆಯವರು ಇಲ್ಲಿ ಒಬ್ಬರೇ ಉಳಿಯುತ್ತಾರೆಂಬ ಅಳುಕೂ ಇದೆ. ದಯವಿಟ್ಟು ವಿವರವಾಗಿ ತಿಳಿಸಿ.
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಸುತ್ತುಬಳಸಿಲ್ಲದೆ ಹೇಳಿಬಿಡುತ್ತೇನೆ. ಪತಿ ಅಕ್ಟೋಬರಿನಲ್ಲಿ ಒಬ್ಬರೇ ಹೋಗಲಿ. ನೀವು ಶಾಲೆಯ ವರ್ಷಾಂತ್ಯದ ಪರೀಕ್ಷೆಗಳನ್ನು ಮುಗಿಸಿಕೊಟ್ಟು, ಮಗಳನ್ನು ಕರೆದುಕೊಂಡು ಮಾರ್ಚ್ ಕೊನೆಯ ಹೊತ್ತಿಗೆ ಹೊರಡಿ. ಐದು ತಿಂಗಳಿಗೂ ಮೀರಿದ ಅಗಲಿಕೆ ಸಣ್ಣದಲ್ಲ, ಅಪ್ಪನನ್ನು ಹಚ್ಚಿಕೊಂಡ ಮಗುವಿಗಂತೂ ಅದು ದೊಡ್ಡದೇ. ಆದರೂ ಹನ್ನೊಂದು ವರ್ಷ ಬರ್ಲಿನ್‌ನಲ್ಲಿ ಬಾಳಿ, ಈಗ ಬಸವನಗುಡಿಯಲ್ಲಿ ಕುಳಿತು ಹೀಗೆ ಹೊರಟು ನಿಂತ ಕುಟುಂಬಗಳಿಗೆ ಸಲಹೆ ನೀಡುತ್ತಿರುವ ನನಗೆ, ನೀವು ಹೇಳಿದ ಪರಿಸ್ಥಿತಿಯಲ್ಲಿ ಇದೇ ಸರಿಯೆನಿಸುತ್ತದೆ. ಕಾರಣಗಳು ಎರಡು: ಒಂದು ಮನೆ, ಇನ್ನೊಂದು ಬಿಸಿಲು.

ಬರ್ಲಿನ್‌ನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ, ಮತ್ತು ಆ ಕಷ್ಟ ನಮ್ಮ ಊರಿನ ಕಷ್ಟದಂತಲ್ಲ. ಬೆಂಗಳೂರಿನಲ್ಲಿ ಮಾಲೀಕರ ಮುಂದೆ ಕುಳಿತು, ಊರು ಯಾವುದು, ಕೆಲಸ ಎಲ್ಲಿ, ಮಾಂಸ ಬೇಯಿಸುತ್ತೀರಾ ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಅಡ್ವಾನ್ಸ್ ಎಣಿಸಿಕೊಟ್ಟರೆ ಕೀಲಿ ಕೈಗೆ ಬರುತ್ತದೆ. ಅಲ್ಲಿ ಒಂದು ಮನೆಗೆ ಹತ್ತಾರು ಮಂದಿ ಅರ್ಜಿ ಹಾಕಿರುತ್ತಾರೆ. ಮಾಲೀಕರು ನೋಡುವುದು ಕಾಗದಗಳನ್ನು. ಹಿಂದಿನ ಮೂರು ತಿಂಗಳ ಸಂಬಳದ ಚೀಟಿಗಳು, ಸಾಲ ಬಾಕಿಯಿಲ್ಲವೆಂದು ತೋರಿಸುವ ಶೂಫಾ ಎಂಬ ಸಂಸ್ಥೆಯ ವರದಿ, ಕೆಲಸದ ಕರಾರುಪತ್ರ, ಇವುಗಳ ಕಟ್ಟು ಪೂರ್ಣವಾಗಿದ್ದವರಿಗೇ ಮೊದಲ ಆದ್ಯತೆ. ಅಕ್ಟೋಬರಿನಲ್ಲಿ ಬಂದಿಳಿದವರ ಹತ್ತಿರ ಮೂರು ಸಂಬಳದ ಚೀಟಿಗಳು ಎಲ್ಲಿಂದ ಬರಬೇಕು? ಡಿಸೆಂಬರ್ ಕೊನೆಯ ಹೊತ್ತಿಗೆ ಬರುತ್ತವೆ. ಆದ್ದರಿಂದ ನಿಮ್ಮ ಪತಿ ಮೊದಲ ಮೂರು ತಿಂಗಳು ಪೀಠೋಪಕರಣಗಳಿರುವ ಒಂದು ಸಣ್ಣ ತಾತ್ಕಾಲಿಕ ಮನೆಯಲ್ಲೋ ಹಂಚಿಕೊಂಡ ಮನೆಯ ಒಂದು ಕೋಣೆಯಲ್ಲೋ ಇದ್ದು, ಜನವರಿಯಿಂದ ನಿಜವಾದ ಮನೆಗೆ ಅರ್ಜಿ ಹಾಕತೊಡಗಿದರೆ, ನೀವು ಬರುವ ಹೊತ್ತಿಗೆ ಒಂದು ಸ್ಥಿರವಾದ ವಿಳಾಸ ಸಿದ್ಧವಾಗಿರುವ ಸಂಭವ ಹೆಚ್ಚು. ಮೂವರೂ ಒಟ್ಟಿಗೆ ಹೋದರೆ ಆರು ತಿಂಗಳಲ್ಲಿ ಮೂರು ಮನೆ ಬದಲಿಸಬೇಕಾಗಿ ಬರಬಹುದು. ಮನೆ ಬದಲಾದರೆ ಮಗುವಿನ ಶಾಲೆಯೂ ಬದಲಾಗುತ್ತದೆ, ಏಕೆಂದರೆ ಅಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ಗೊತ್ತುಮಾಡುವುದು ಮನೆಯ ವಿಳಾಸವೇ.

ಬಾಡಿಗೆಯ ಬಗ್ಗೆ ಇನ್ನೆರಡು ಮಾತು. ಜಾಹೀರಾತಿನಲ್ಲಿ ‘ಕಾಲ್ಟ್’ ಎಂದಿದ್ದರೆ ಬರೀ ಗೋಡೆಗಳ ಬಾಡಿಗೆ, ‘ವಾರ್ಮ್’ ಎಂದಿದ್ದರೆ ಸಾಮಾನ್ಯವಾಗಿ ನೀರು, ಮನೆ ಬೆಚ್ಚಗಿಡುವ ಖರ್ಚು, ಕಸ, ಮೆಟ್ಟಿಲ ಸ್ವಚ್ಛತೆ ಸೇರಿದ ಬಾಡಿಗೆ. ಹೋಲಿಸುವಾಗ ಎರಡನೆಯದನ್ನೇ ಹೋಲಿಸಿ. ಮುಂಗಡ ಠೇವಣಿ ಮೂರು ತಿಂಗಳ ಕಾಲ್ಟ್ ಬಾಡಿಗೆಯನ್ನು ಮೀರಬಾರದೆಂದು ಕಾನೂನೇ ಹೇಳುತ್ತದೆ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಬೆಳೆದ ನಮಗೆ ಇದು ಹಬ್ಬದ ಸುದ್ದಿ. ಆದರೆ ಆ ಹಬ್ಬಕ್ಕೆ ಅಡುಗೆಮನೆ ಇಲ್ಲದಿರಬಹುದು. ಅಲ್ಲಿ ಎಷ್ಟೋ ಮನೆಗಳನ್ನು ಒಲೆ, ಸಿಂಕು, ಕಪಾಟು ಯಾವುದೂ ಇಲ್ಲದೆ, ಕೆಲವೊಮ್ಮೆ ದೀಪದ ಬಲ್ಬೂ ಇಲ್ಲದೆ ಕೊಡುತ್ತಾರೆ. ಇನ್ನು ‘ನಾನು ಹೊರದೇಶದಲ್ಲಿದ್ದೇನೆ, ಹಣ ಕಳಿಸಿದರೆ ಕೀಲಿ ಅಂಚೆಯಲ್ಲಿ ಬರುತ್ತದೆ’ ಎನ್ನುವ ಮಾಲೀಕ ಮಾಲೀಕನಲ್ಲ, ಕಳ್ಳ. ಮನೆಯನ್ನು ಕಣ್ಣಾರೆ ನೋಡದೆ, ಕರಾರಿಗೆ ಸಹಿಯಾಗದೆ ಒಂದು ಯೂರೋ ಕೂಡ ಕಳಿಸಬಾರದು.

ಎರಡನೆಯ ಕಾರಣ ಬಿಸಿಲು. ಇದನ್ನು ಕೇಳಿ ಬೆಂಗಳೂರಿಗರು ನಗುತ್ತಾರೆ, ಚಳಿಗೆ ಜಾಕೆಟ್ ಇದೆಯಲ್ಲ ಎನ್ನುತ್ತಾರೆ. ಚಳಿ ಸಮಸ್ಯೆಯೇ ಅಲ್ಲ; ಅಲ್ಲಿನ ಮನೆಗಳು ನಮ್ಮ ಜನವರಿಯ ಮನೆಗಳಿಗಿಂತ ಬೆಚ್ಚಗಿರುತ್ತವೆ. ಸಮಸ್ಯೆ ಬೆಳಕಿನದು. ಡಿಸೆಂಬರ್ ಮೂರನೆಯ ವಾರದಲ್ಲಿ ಬರ್ಲಿನ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಎಂಟೂಕಾಲಿಗೆ, ಮುಳುಗುವುದು ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ; ನಡುವಿನ ಏಳೂವರೆ ಗಂಟೆಯಲ್ಲಿಯೂ ಆಕಾಶ ಬೂದಿ ಬಳಿದಂತಿರುವ ದಿನಗಳೇ ಹೆಚ್ಚು. ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೆ ಮೀರಿರುವ ಊರಿನಿಂದ ನೇರವಾಗಿ ಆ ನವೆಂಬರಿಗೆ ಬಂದು, ಗಂಡ ಕೆಲಸಕ್ಕೆ ಹೋದ ಮೇಲೆ ನಾಲ್ಕು ಗೋಡೆಗಳ ನಡುವೆ ಕುಳಿತವರು ‘ಈ ಊರು ನನಗಲ್ಲ’ ಎಂದು ತೀರ್ಮಾನಿಸುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಅವರು ಊರನ್ನು ನೋಡಿರಲಿಲ್ಲ, ಕತ್ತಲನ್ನು ಮಾತ್ರ ನೋಡಿದ್ದರು. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಏಪ್ರಿಲಿನಲ್ಲಿ ಸಂಜೆ ಎಂಟರ ಹತ್ತಿರದವರೆಗೂ ಬೆಳಕಿದ್ದು ಮಕ್ಕಳು ಉದ್ಯಾನದಲ್ಲಿ ಆಡುತ್ತಿರುತ್ತಾರೆ. ಮುಂದಿನ ಚಳಿಗಾಲ ಬರುವ ಹೊತ್ತಿಗೆ ನಿಮಗೆ ನಾಲ್ಕು ಜನರ ಪರಿಚಯವಾಗಿರುತ್ತದೆ, ಕತ್ತಲು ಬರೀ ಕತ್ತಲಾಗಿ ಉಳಿಯುತ್ತದೆ.

ಇದಕ್ಕೆ ಎದುರಾದ ಒಂದು ವಾದವನ್ನು ಮರೆಮಾಚಬಾರದು. ನೀವು ಡಿಸೆಂಬರ್ 31ರ ಒಳಗೆ ಬಂದು ಅಲ್ಲಿ ನೆಲೆಸಿದರೆ, ಆ ವರ್ಷದ ತೆರಿಗೆಯನ್ನು ದಂಪತಿಯಾಗಿ ಜಂಟಿಯಾಗಿ ಲೆಕ್ಕ ಹಾಕಿಸಿಕೊಳ್ಳುವ ಅವಕಾಶವಿದೆ, ಮತ್ತು ಒಬ್ಬರೇ ದುಡಿಯುವ ಮನೆಗೆ ಅದರಿಂದ ಗಣನೀಯ ಉಳಿತಾಯವಾಗುತ್ತದೆ. ಮಾರ್ಚಿನಲ್ಲಿ ಹೋದರೆ ಮೂರು ತಿಂಗಳ ಸಂಬಳದ ಮೇಲಿನ ಆ ಉಳಿತಾಯ ತಪ್ಪುತ್ತದೆ. ನಾನಾದರೆ ಆ ದುಡ್ಡನ್ನು ಬಿಟ್ಟುಕೊಡುತ್ತೇನೆ.

ಈಗ ಹೋದ ಮೇಲೆ ಮೊದಲು ಮಾಡಬೇಕಾದ ಕೆಲಸ. ಜರ್ಮನಿಯಲ್ಲಿ ಮನುಷ್ಯ ಹುಟ್ಟುವುದು ಎರಡು ಸಲ, ಒಮ್ಮೆ ತಾಯಿಯ ಹೊಟ್ಟೆಯಿಂದ, ಇನ್ನೊಮ್ಮೆ ನಾಗರಿಕರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿದಾಗ ಎಂದು ನಾನು ತಮಾಷೆ ಮಾಡುವುದುಂಟು. ‘ಆನ್‌ಮೆಲ್ಡುಂಗ್’ ಎಂಬ ಈ ನೋಂದಣಿಯನ್ನು ಮನೆ ಸೇರಿದ ಎರಡು ವಾರಗಳಲ್ಲಿ ಮಾಡಿಸಬೇಕೆಂಬುದು ಕಾನೂನು. ಅದಕ್ಕೆ ಪಾಸ್‌ಪೋರ್ಟ್, ವೀಸಾಗಳ ಜೊತೆಗೆ ‘ಇವರು ನನ್ನ ಮನೆಯಲ್ಲಿ ವಾಸಕ್ಕೆ ಬಂದಿದ್ದಾರೆ’ ಎಂದು ಮನೆ ಕೊಟ್ಟವರು ಸಹಿ ಮಾಡಿದ ಒಂದು ಹಾಳೆ ಬೇಕು. ಬಾಡಿಗೆ ಕರಾರುಪತ್ರವೊಂದೇ ಸಾಲದು. ಆದ್ದರಿಂದ ನಿಮ್ಮ ಪತಿ ಮೊದಲ ತಾತ್ಕಾಲಿಕ ಮನೆಯನ್ನು ಗೊತ್ತುಮಾಡುವಾಗಲೇ ‘ಈ ವಿಳಾಸದಲ್ಲಿ ನೋಂದಣಿಗೆ ಸಹಿ ಮಾಡಿಕೊಡುತ್ತೀರಾ’ ಎಂದು ಬರಹದಲ್ಲಿ ಕೇಳಬೇಕು. ಕೊಡುವುದಿಲ್ಲ ಎಂದರೆ ಆ ಮನೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಬರ್ಲಿನ್‌ನಲ್ಲಿ ಈ ಕೆಲಸಕ್ಕೆ ದಿನ ಗೊತ್ತುಮಾಡಿಕೊಳ್ಳುವುದೇ ಒಂದು ತಪಸ್ಸು. ಆದರೆ ನಗರದ ಯಾವ ಬಡಾವಣೆಯ ಕಚೇರಿಗೆ ಬೇಕಾದರೂ ಹೋಗಬಹುದು, ನಿಮ್ಮದೇ ಬಡಾವಣೆ ಆಗಬೇಕೆಂದಿಲ್ಲ. ಮೂಲೆಯ ಒಂದು ಕಚೇರಿಯಲ್ಲಿ ಬೆಳಗಿನ ಜಾವದ ಹೊತ್ತಿಗೆ ಖಾಲಿಯಾದ ಸಮಯವನ್ನು ಹಿಡಿದವರೇ ಹೆಚ್ಚು. ಅರ್ಜಿಯಲ್ಲಿ ಧರ್ಮದ ಅಂಕಣವೂ ಇರುತ್ತದೆ. ಅಲ್ಲಿ ಚರ್ಚಿನ ಸದಸ್ಯರಿಂದ ಸಂಬಳದಲ್ಲೇ ಚರ್ಚ್ ತೆರಿಗೆ ಹಿಡಿಯುವ ಪದ್ಧತಿ ಇರುವುದರಿಂದ ಕೇಳುತ್ತಾರೆಯೇ ಹೊರತು ಬೇರೆ ಉದ್ದೇಶವಿಲ್ಲ.

ಈ ನೋಂದಣಿಯ ಹಿಂದೆಯೇ ಉಳಿದವೆಲ್ಲ ಒಂದೊಂದಾಗಿ ಬರುತ್ತವೆ, ಮತ್ತು ಬಹುಪಾಲು ಎಲ್ಲವೂ ಕಾಗದದ ಲಕೋಟೆಯಲ್ಲೇ ಬರುತ್ತವೆ: ತೆರಿಗೆ ಗುರುತಿನ ಸಂಖ್ಯೆ, ಬ್ಯಾಂಕಿನ ಗುಪ್ತಸಂಖ್ಯೆ, ಆರೋಗ್ಯ ವಿಮೆಯ ಕಾರ್ಡು, ಶಾಲೆಯ ಕಚೇರಿಯ ಪತ್ರ. ಇಲ್ಲಿಯೇ ನಮ್ಮ ಕನ್ನಡಿಗರು ಸುಲಭವಾಗಿ ಬೀಳುವ ಒಂದು ಗುಂಡಿ ಇದೆ. ಜರ್ಮನಿಯ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಸಂಖ್ಯೆ ಇರುವುದಿಲ್ಲ. ಅಂಚೆಯವರು ಬೀದಿಯ ಹೆಸರು, ಕಟ್ಟಡದ ಸಂಖ್ಯೆ ನೋಡಿ ಬಂದು, ಕೆಳಗಿನ ಅಂಚೆಪೆಟ್ಟಿಗೆಗಳ ಸಾಲಿನಲ್ಲಿ ಲಕೋಟೆಯ ಮೇಲಿನ ಕುಲನಾಮವನ್ನು ಹುಡುಕುತ್ತಾರೆ. ಹೆಸರು ಸಿಗದಿದ್ದರೆ ಪತ್ರ ವಾಪಸು. ಅಲ್ಲಿನ ಕುಟುಂಬಕ್ಕೆ ಬಹುಮಟ್ಟಿಗೆ ಒಂದೇ ಕುಲನಾಮ. ನಮ್ಮಲ್ಲಿ ಹೇಗೆ? ಪತಿಯ ಹೆಸರಿಗೆ ಅಂಟಿಕೊಂಡಿರುವುದು ಅವರ ತಂದೆಯ ಹೆಸರು, ನಿಮ್ಮದಕ್ಕೆ ನಿಮ್ಮ ತಂದೆಯ ಹೆಸರು, ಮಗಳದಕ್ಕೆ ನಿಮ್ಮ ಪತಿಯ ಹೆಸರು. ಒಂದು ಮನೆ, ಮೂರು ಕುಲನಾಮ. ನಾನು ಹೋದ ಮೊದಲ ವರ್ಷ ಪೆಟ್ಟಿಗೆಯ ಮೇಲೆ ಯಜಮಾನರ ಹೆಸರೊಂದನ್ನೇ ಅಂಟಿಸಿದ್ದೆವು. ನನ್ನ ವಿಮೆಯ ಕಾರ್ಡು ಎರಡು ಸಲ ಬಂದು ಎರಡು ಸಲವೂ ಹಿಂದಿರುಗಿತು, ಮೂರನೆಯ ವಾರ ಜ್ವರ ಬಂದಾಗ ವೈದ್ಯರ ಕೊಠಡಿಯಲ್ಲಿ ಕಾರ್ಡಿಲ್ಲದೆ ತಲೆ ತಗ್ಗಿಸಿ ನಿಂತಿದ್ದೆ. ಪೆಟ್ಟಿಗೆಯ ಮೇಲೆ, ಬಾಗಿಲ ಕರೆಗಂಟೆಯ ಮೇಲೆ ಮೂವರ ಹೆಸರನ್ನೂ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತದಲ್ಲೇ ಮೊದಲ ದಿನವೇ ಹಾಕಿಸಿ. ಅದಕ್ಕಿಂತ ಮುಂಚೆ, ಈ ವಾರವೇ, ಮೂವರ ಪಾಸ್‌ಪೋರ್ಟುಗಳಲ್ಲಿಯೂ ಕುಲನಾಮದ ಅಂಕಣ ತುಂಬಿದೆಯೇ ನೋಡಿ. ಇನಿಷಿಯಲ್ ಪದ್ಧತಿಯಿಂದಾಗಿ ನಮ್ಮವರ ಎಷ್ಟೋ ಪಾಸ್‌ಪೋರ್ಟುಗಳಲ್ಲಿ ಅದು ಖಾಲಿ ಇರುತ್ತದೆ. ಆ ಖಾಲಿ ಜಾಗ ಬ್ಯಾಂಕು, ವಿಮೆ, ಶಾಲೆ ಎಲ್ಲ ಕಡೆಯೂ ಗೊಂದಲ ಎಬ್ಬಿಸುತ್ತದೆ. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಅದನ್ನು ಸರಿಪಡಿಸಿಕೊಳ್ಳುವುದು ಲೇಸು.

ಬಂದ ಲಕೋಟೆಗಳಲ್ಲಿ ಒಂದನ್ನು ಬಹಳ ಮಂದಿ ಮೋಸವೆಂದು ತಿಳಿದು ಬಿಸಾಡುತ್ತಾರೆ. ಅದು ಸಾರ್ವಜನಿಕ ರೇಡಿಯೋ ಮತ್ತು ಟೆಲಿವಿಷನ್ ಶುಲ್ಕದ ಪತ್ರ: ಮನೆಯಲ್ಲಿ ಟಿ.ವಿ. ಇರಲಿ ಬಿಡಲಿ, ತಲೆಗೆ ಒಂದರಂತಲ್ಲದೆ ಮನೆಗೆ ಒಂದರಂತೆ ತಿಂಗಳಿಗೆ 18.36 ಯೂರೋ ಕೊಡಲೇಬೇಕು. ಬಿಸಾಡಿದರೆ ದಂಡ ಸೇರಿ ಮತ್ತೆ ಬರುತ್ತದೆ. ಎರಡು ತೂತಿನ ಒಂದು ದಪ್ಪ ಫೈಲನ್ನು ಕೊಂಡು ಬಂದ ಪ್ರತಿ ಕಾಗದವನ್ನೂ ಅದರಲ್ಲಿ ಸೇರಿಸುತ್ತ ಹೋಗಿ. ಅಲ್ಲಿ ಮೌನಕ್ಕೆ ಅರ್ಥ ಒಪ್ಪಿಗೆಯಲ್ಲ, ತಪ್ಪೊಪ್ಪಿಗೆ. ಪತ್ರದಲ್ಲಿ ಹೇಳಿದ ದಿನಾಂಕದೊಳಗೆ ಉತ್ತರಿಸಿದವರಿಗೆ ಆ ಆಡಳಿತ ಬಹಳ ನ್ಯಾಯವಾಗಿಯೇ ನಡೆದುಕೊಳ್ಳುತ್ತದೆ.

ಆರೋಗ್ಯ ವಿಮೆಯಲ್ಲಿ ನಿಮ್ಮ ಪತಿಗೆ ಸಂಬಳ ಹೆಚ್ಚಿದ್ದರೆ ಆಯ್ಕೆ ಇರುತ್ತದೆ: ಶಾಸನಬದ್ಧ ವಿಮೆ ಅಥವಾ ಖಾಸಗಿ ವಿಮೆ. ಖಾಸಗಿಯದು ಅಗ್ಗವೆಂದು ಏಜೆಂಟರು ಹೇಳುತ್ತಾರೆ. ಒಬ್ಬಂಟಿ ಯುವಕನಿಗೆ ಅದು ನಿಜವೂ ಹೌದು. ಆದರೆ ಶಾಸನಬದ್ಧ ವಿಮೆಯಲ್ಲಿ ಆದಾಯವಿಲ್ಲದ ಪತ್ನಿಗೂ ಮಗುವಿಗೂ ಹೆಚ್ಚುವರಿ ಕಂತಿಲ್ಲದೆ ರಕ್ಷಣೆ ಸಿಗುತ್ತದೆ, ಖಾಸಗಿಯಲ್ಲಿ ತಲೆಗೊಂದು ಕಂತು ಕಟ್ಟಬೇಕು. ಒಮ್ಮೆ ಖಾಸಗಿಗೆ ಹೋದವರಿಗೆ ಹಿಂದಿರುಗುವ ದಾರಿಯೂ ಕಿರಿದು. ನಿಮ್ಮ ಮನೆಗೆ ಶಾಸನಬದ್ಧ ವಿಮೆಯೇ ಸರಿ.

ಸಾಮಾನಿನ ವಿಷಯವನ್ನು ಬೇಗ ಮುಗಿಸುತ್ತೇನೆ. ವಿದ್ಯುತ್ತು ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್ ಆದ್ದರಿಂದ ಮಿಕ್ಸಿ ಓಡುತ್ತದೆ, ನಮ್ಮ ಮೂರು ಕಡ್ಡಿಯ ಪ್ಲಗ್‌ಗೆ ಅಡಾಪ್ಟರ್ ಬೇಕು. ಇಂಡಕ್ಷನ್ ಒಲೆಯಾದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸ ಮಾಡದು, ಅದಕ್ಕೆಂದೇ ತಳವಿರುವ ಸ್ಟೀಲಿನದನ್ನು ಒಯ್ಯಿರಿ. ಯುರೋಪಿನ ಹೊರಗಿನಿಂದ ಬರುವವರು ಹಾಲಿನ ಪದಾರ್ಥಗಳನ್ನು ತರುವಂತಿಲ್ಲ, ಹಾಗಾಗಿ ಅತ್ತೆಯವರು ಪ್ರೀತಿಯಿಂದ ಕಾಸಿಕೊಟ್ಟ ತುಪ್ಪ ಇಲ್ಲೇ ಉಳಿಯಲಿ. ಹಸಿ ಕರಿಬೇವಿಗೂ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು, ಒಣಗಿಸಿದ್ದನ್ನು ಒಯ್ಯಿರಿ. ದುಬೈ ಮೂಲಕ ಹೋಗುವುದಾದರೆ ಗಸಗಸೆಯನ್ನು ಪೆಟ್ಟಿಗೆಯಲ್ಲಿ ಇಡಲೇಬೇಡಿ, ಅಲ್ಲಿ ಅದು ನಿಷಿದ್ಧ. ಬರ್ಲಿನ್‌ನ ಬೇಕರಿಗಳಲ್ಲಿ ಅದೇ ಗಸಗಸೆ ಬನ್ನಿನ ಮೇಲೆಲ್ಲ ಹರಡಿರುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣಗಳ ಒಳಗಿನ ಕೆಲವು ಮಾತ್ರ ತೆರೆದಿರುತ್ತವೆ ಎಂಬುದನ್ನು ಮೊದಲ ಶನಿವಾರವೇ ನೆನಪಿಡಿ. ಸಾಮಾನಿಗಿಂತ ಮುಖ್ಯವಾದದ್ದು ಮಗಳ ಲಸಿಕೆಯ ಕಾರ್ಡು. 2020ರ ಮಾರ್ಚಿನಿಂದ ಜಾರಿಯಲ್ಲಿರುವ ಕಾನೂನಿನಂತೆ ದಡಾರದ ಎರಡು ಲಸಿಕೆಗಳಾಗಿವೆ ಎಂಬುದನ್ನು ಶಾಲೆಗೆ ತೋರಿಸಬೇಕು.

ಇನ್ನು ಭಾಷೆ. ಬ್ಲೂ ಕಾರ್ಡ್ ಪಡೆದವರ ಪತ್ನಿ ಬರುವ ಮೊದಲೇ ಜರ್ಮನ್ ಪರೀಕ್ಷೆ ಪಾಸಾಗಿರಬೇಕೆಂಬ ಷರತ್ತಿಲ್ಲ. ಈ ರಿಯಾಯಿತಿ ಉಪಕಾರವೆಂದು ನನಗೆ ಅನಿಸಿಲ್ಲ, ಏಕೆಂದರೆ ಬೇಕಿಲ್ಲವೆಂದ ಮೇಲೆ ಯಾರೂ ಕಲಿಯದೆ ಹೋಗುತ್ತಾರೆ. ನಿಮಗೆ ಸಿಗುವ ಐದು ತಿಂಗಳಲ್ಲಿ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಮನೆಗೆ ಹತ್ತಿರದ ಬೇರೆ ತರಗತಿಯಲ್ಲೋ ಎ1 ಎಂಬ ಮೊದಲ ಹಂತವನ್ನು ಮುಗಿಸಿ, ಸಾಧ್ಯವಾದರೆ ಅದರ ಮುಂದಿನ ಎ2 ಆರಂಭಿಸಿ ಹೋಗಿ. ನಿಮ್ಮ ಪತಿಯ ಕಚೇರಿ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅವರಿಗೆ ಭಾಷೆ ತಡವಾದರೂ ಸಾಗುತ್ತದೆ. ಶಾಲೆಯ ಶಿಕ್ಷಕಿ, ಮಕ್ಕಳ ವೈದ್ಯರ ಸಹಾಯಕಿ, ಎದುರು ಮನೆಯ ಅಜ್ಜಿ, ಕಟ್ಟಡದ ಮೇಲ್ವಿಚಾರಕ, ಇವರೆಲ್ಲರ ಜೊತೆ ಹಗಲೆಲ್ಲ ವ್ಯವಹರಿಸುವವರು ನೀವು. ಕಂಪನಿಗಳು ಕೆಲಸಕ್ಕೆ ಬಂದವನಿಗೆ ಭಾಷಾ ತರಗತಿ ಕೊಡಿಸಿ ಅವನ ಹೆಂಡತಿಯನ್ನು ಮರೆಯುವುದು ತಲೆಕೆಳಗಾದ ಲೆಕ್ಕವೆಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ.

ಕನ್ನಡಿಗರಿಗೆ ಜರ್ಮನ್ ಭಾಷೆಯಲ್ಲಿ ಕೆಲವು ಅನುಕೂಲಗಳಿವೆ, ಅವನ್ನು ಇಂಗ್ಲಿಷಿನ ಮೂಲಕ ಕಲಿಸುವವರು ಹೇಳುವುದಿಲ್ಲ. ‘ದೂ’ ಎಂದರೆ ನೀನು, ‘ಜೀ’ ಎಂದರೆ ನೀವು. ಯಾರಿಗೆ ಯಾವುದು ಎಂಬ ಅಳುಕು ಇಂಗ್ಲಿಷರಿಗೆ ಇರಬಹುದು, ನಮಗೆ ಅದು ರಕ್ತದಲ್ಲೇ ಇದೆ. ಹಿರಿಯರು ತಾವಾಗಿ ‘ನೀನು ಎನ್ನಬಹುದು’ ಎಂದು ಹೇಳುವವರೆಗೆ ನೀವು ಎನ್ನುತ್ತಿರಿ, ಅಷ್ಟೆ. ಅವರ ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ಮುಗಿಯುವವರೆಗೆ ಕಾಯುವ ಅಭ್ಯಾಸ ನಮ್ಮ ಕಿವಿಗೆ ಹುಟ್ಟಿನಿಂದಲೇ ಇದೆ. ಪದಕ್ಕೆ ಪದ ಪೋಣಿಸಿ ಮಾರುದ್ದದ ಸಮಾಸ ಕಟ್ಟುವುದೂ ನಮಗೆ ಹೊಸದಲ್ಲ. ಕಷ್ಟವಿರುವುದು ಅಂಕಿಗಳಲ್ಲಿ: ಇಪ್ಪತ್ತೊಂದನ್ನು ಅವರು ‘ಒಂದು ಮತ್ತು ಇಪ್ಪತ್ತು’ ಎನ್ನುತ್ತಾರೆ, ಫೋನ್ ಸಂಖ್ಯೆ ಬರೆದುಕೊಳ್ಳುವಾಗ ಒಂದು ವರ್ಷವಾದರೂ ತಪ್ಪುತ್ತೀರಿ. ಅಲ್ಲಿಗೆ ಹೋದ ಮೇಲೆ ಸರ್ಕಾರದ ಇಂಟಿಗ್ರೇಷನ್ ಕೋರ್ಸ್ ಎಂಬುದುಂಟು, 600 ಗಂಟೆ ಭಾಷೆ ಮತ್ತು 100 ಗಂಟೆ ಆ ದೇಶದ ಇತಿಹಾಸ, ಕಾನೂನು, ನಡವಳಿಕೆಯ ಪಾಠ. ಕುಟುಂಬ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಅದಕ್ಕೆ ಅವಕಾಶವಿರುತ್ತದೆ. ಇದಲ್ಲದೆ ಫೋಕ್ಸ್‌ಹೋಖ್‌ಶೂಲೆ ಎಂಬ ಜನಶಿಕ್ಷಣ ಕೇಂದ್ರಗಳಲ್ಲಿ ಕಡಿಮೆ ಶುಲ್ಕದ ತರಗತಿಗಳು ನಡೆಯುತ್ತವೆ. ಭಾಷೆಗಿಂತಲೂ ಹೆಚ್ಚಾಗಿ, ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಮನೆಯಿಂದ ಹೊರಡಬೇಕಾದ ಒಂದು ಕಾರಣವಾಗಿ ಆ ತರಗತಿ ನಿಮ್ಮನ್ನು ಉಳಿಸುತ್ತದೆ.

ಒಂದು ಮಾತು ಕಟುವೆನಿಸಿದರೂ ಹೇಳಬೇಕು. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ‘ಕನ್ನಡ ಗೊತ್ತಿಲ್ಲ’ ಎನ್ನುವವರ ಬಗ್ಗೆ ನಾವು ಎಷ್ಟು ಸಿಟ್ಟಾಗುತ್ತೇವೆಂಬುದು ನಿಮಗೂ ಗೊತ್ತು. ಬರ್ಲಿನ್ ಕೂಡ ಬಂದವರ ಊರೇ. 1685ರಲ್ಲಿ ಫ್ರಾನ್ಸಿನಿಂದ ಓಡಿಬಂದ ಹ್ಯೂಗೆನಾಟರೆಂಬ ಪ್ರಾಟೆಸ್ಟೆಂಟ್ ಕ್ರೈಸ್ತರಿಗೆ ಆಶ್ರಯ ಕೊಟ್ಟ ಕಾಲದಿಂದ 1961ರ ಟರ್ಕಿಯ ಕಾರ್ಮಿಕ ಒಪ್ಪಂದದವರೆಗೆ ಅದು ಹೊರಗಿನವರನ್ನು ತುಂಬಿಸಿಕೊಳ್ಳುತ್ತಲೇ ಬೆಳೆದಿದೆ; ಈಗ ಅದರ ನಿವಾಸಿಗಳಲ್ಲಿ ಸುಮಾರು ಕಾಲುಭಾಗ ಜರ್ಮನ್ ಪೌರತ್ವವಿಲ್ಲದವರು. ಇಂಗ್ಲಿಷಿನಲ್ಲೇ ಕಾಲ ತಳ್ಳುವವರ ದೊಡ್ಡ ಗುಂಪೇ ಅಲ್ಲಿದೆ, ಮತ್ತು ಅವರ ಬಗ್ಗೆ ಅಲ್ಲಿನವರು ಆಡುವ ಮಾತು ನಮ್ಮ ಆಟೋ ಚಾಲಕರು ಆಡುವ ಮಾತಿಗಿಂತ ಬೇರೆಯಲ್ಲ. ನಾವು ಇಲ್ಲಿ ಬಂದವರಿಂದ ಬಯಸುವುದು ವ್ಯಾಕರಣಶುದ್ಧ ಕನ್ನಡವನ್ನಲ್ಲ, ‘ಎಷ್ಟಾಯ್ತು’ ಎಂದು ಕೇಳುವ ಪ್ರಯತ್ನವನ್ನು. ಅಲ್ಲಿಯೂ ಅಷ್ಟೇ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, 1853ರಲ್ಲಿ, ಕನ್ನಡ ನಾಡಿಗೆ ಬಂದ ಕಿಟ್ಟೆಲ್ ಅವರು 1894ರಲ್ಲಿ ನಿಘಂಟನ್ನು ಕೊಟ್ಟರು. ನಿಮ್ಮಿಂದ ಯಾರೂ ನಿಘಂಟನ್ನು ಕೇಳುವುದಿಲ್ಲ.

ನಿಮ್ಮ ವೃತ್ತಿಯ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ‘ನನ್ನದೇ ಆದ ಬದುಕು’ ಎಂಬ ಮಾತಿನಲ್ಲಿ ಅದೇ ಇದೆಯೆಂದು ಭಾವಿಸುತ್ತೇನೆ. ಬ್ಲೂ ಕಾರ್ಡ್ ಹೊಂದಿದವರ ಪತ್ನಿಗೆ ಮೊದಲ ದಿನದಿಂದಲೇ ಯಾವ ಉದ್ಯೋಗವನ್ನಾದರೂ ಮಾಡುವ ಹಕ್ಕಿದೆ. ಅನೇಕ ದೇಶಗಳಲ್ಲಿ ಇಲ್ಲದ ಅನುಕೂಲ ಇದು. ಆದರೆ ಶಿಕ್ಷಕ ವೃತ್ತಿ ಅಲ್ಲಿ ಸರ್ಕಾರದ ಮಾನ್ಯತೆ ಬೇಕಾದ ವೃತ್ತಿಗಳ ಸಾಲಿನಲ್ಲಿದೆ. ಮಾನ್ಯತೆಯನ್ನು ಆಯಾ ರಾಜ್ಯವೇ ಕೊಡುತ್ತದೆ, ಸಾಮಾನ್ಯವಾಗಿ ಕಲಿಸಲು ಎರಡು ವಿಷಯಗಳಲ್ಲಿ ಪದವಿ ಮಟ್ಟದ ಓದನ್ನು ನೋಡುತ್ತಾರೆ, ಮತ್ತು ತರಗತಿಯಲ್ಲಿ ಪಾಠ ಮಾಡುವಷ್ಟು ಉನ್ನತ ಮಟ್ಟದ ಜರ್ಮನ್ ಬೇಕು. ಒಂದೆರಡು ವರ್ಷಗಳಲ್ಲಿ ನೀವು ಸರ್ಕಾರಿ ಪ್ರೌಢಶಾಲೆಯ ಕರಿಹಲಗೆಯ ಮುಂದೆ ನಿಲ್ಲುತ್ತೀರೆಂದು ಹೇಳಿ ನಿಮ್ಮನ್ನು ನಾನು ಹುರಿದುಂಬಿಸಲಾರೆ. ನಾಲ್ಕೈದು ವರ್ಷಗಳ ದಾರಿ ಅದು. ನಿಮ್ಮ ಬಿ.ಎಸ್ಸಿ., ಬಿ.ಎಡ್. ಪದವಿಗಳ ಜೊತೆ ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಯಾವ ವಿಷಯವನ್ನು ಎಷ್ಟು ಗಂಟೆ ಓದಿದಿರೆಂಬ ಪಠ್ಯಕ್ರಮದ ಪ್ರತಿ, ಶಾಲೆಯ ಅನುಭವ ಪ್ರಮಾಣಪತ್ರ ಇವನ್ನು ಬೆಂಗಳೂರಿನಲ್ಲಿರುವಾಗಲೇ ವಿಶ್ವವಿದ್ಯಾಲಯದ ಬಾಗಿಲು ಬಡಿದು ತೆಗೆಸಿಟ್ಟುಕೊಳ್ಳಿ; ಅಲ್ಲಿಂದ ಫೋನ್ ಮಾಡಿ ತರಿಸುವುದು ಎಷ್ಟು ಕಷ್ಟವೆಂದು ನಿಮಗೆ ವಿವರಿಸಬೇಕಿಲ್ಲ. ಈ ನಡುವೆ ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಸಹಾಯಕ ಶಿಕ್ಷಕರ ಕೆಲಸಗಳಿಗೆ ಪ್ರಯತ್ನಿಸಬಹುದು. ಮೊದಲ ಆರು ತಿಂಗಳು ಮಾತ್ರ ಕೆಲಸ ಹುಡುಕಬೇಡಿ, ಭಾಷೆಗೆ ಮೀಸಲಿಡಿ.

ಮಗಳ ಬಗ್ಗೆ ನನಗೆ ಚಿಂತೆಯಿಲ್ಲ, ಆದರೆ ನಿಮಗೆ ಆಗುತ್ತದೆ, ಆದ್ದರಿಂದ ಮುಂಚೆಯೇ ಹೇಳುತ್ತೇನೆ. ಆ ದೇಶದಲ್ಲಿ ಶಾಲೆ ಕಡ್ಡಾಯ, ಮನೆಯಲ್ಲೇ ಕಲಿಸುತ್ತೇವೆ ಎನ್ನುವಂತಿಲ್ಲ. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಬರ್ಲಿನ್‌ನಲ್ಲಿ ಮೊದಲೆರಡು ತರಗತಿಗಳ ಮಕ್ಕಳನ್ನು ಭಾಷೆ ಬಾರದಿದ್ದರೂ ಸಾಮಾನ್ಯವಾಗಿ ಉಳಿದ ಮಕ್ಕಳ ಜೊತೆಯೇ ಕೂರಿಸುತ್ತಾರೆ, ಮತ್ತು ಆ ಎರಡು ವರ್ಷದ ಹಂತಕ್ಕೆ ಮಗು ಮೂರು ವರ್ಷ ತೆಗೆದುಕೊಂಡರೂ ಅದನ್ನು ಫೇಲು ಎಂದು ಎಣಿಸುವುದಿಲ್ಲ. ಶಾಲೆ ಸೇರಿದ ಮೇಲೆ ಅವಳು ಕೆಲವು ತಿಂಗಳು ಅಲ್ಲಿ ಬಾಯಿಯೇ ಬಿಡದಿರಬಹುದು. ಎರಡನೆಯ ಭಾಷೆಯೊಳಗೆ ಇಳಿದ ಮಕ್ಕಳಲ್ಲಿ ಈ ಮೌನದ ಅವಧಿ ಸಹಜವಾದದ್ದು, ಅವಳು ಕೇಳಿಸಿಕೊಳ್ಳುತ್ತಿರುತ್ತಾಳೆ. ಆ ದಿನಗಳಲ್ಲಿ ಗಾಬರಿಯಾಗಿ ಮನೆಯಲ್ಲಿ ನಿಮ್ಮ ಮುರುಕು ಜರ್ಮನ್ ಆಡತೊಡಗುವುದು ದೊಡ್ಡ ತಪ್ಪು. ಮನೆಯಲ್ಲಿ ಕನ್ನಡವೇ ಇರಲಿ, ಪೂರ್ಣ ವಾಕ್ಯಗಳ ಕನ್ನಡ. ಜರ್ಮನ್ ಅನ್ನು ಶಾಲೆ ನೋಡಿಕೊಳ್ಳುತ್ತದೆ. ಕನ್ನಡವನ್ನು ಆ ಊರಿನಲ್ಲಿ ನೋಡಿಕೊಳ್ಳುವವರು ನೀವಿಬ್ಬರೇ.

ನಿಮ್ಮ ಒಂಟಿತನದ ಬಗ್ಗೆ. ಹೊಸ ದೇಶಕ್ಕೆ ಹೋದವರಿಗೆ ಮೊದಲು ಹಿಗ್ಗು, ನಂತರ ಕುಗ್ಗು, ಆಮೇಲೆ ಚೇತರಿಕೆ ಎಂಬ ನಕ್ಷೆಯನ್ನು 1950ರ ದಶಕದಿಂದಲೂ ವಿದ್ವಾಂಸರು ಬರೆಯುತ್ತ ಬಂದಿದ್ದಾರೆ. 1955ರಲ್ಲಿ ನಾರ್ವೆಯ ಲೈಸ್‌ಗಾರ್ಡ್ ಅದನ್ನು ಇಂಗ್ಲಿಷಿನ ‘ಯು’ ಅಕ್ಷರದ ಆಕಾರಕ್ಕೆ ಹೋಲಿಸಿದರು. ನನ್ನ ಅನುಭವದಲ್ಲಿ ಆ ನಕ್ಷೆ ಕೆಲಸಕ್ಕೆ ಬಂದ ಗಂಡಸಿಗೆ ಹೊಂದುತ್ತದೆ, ಜೊತೆಗೆ ಬಂದ ಹೆಂಡತಿಗೆ ಹೊಂದುವುದಿಲ್ಲ. ಅವಳಿಗೆ ಹಿಗ್ಗಿನ ಕಾಲವೇ ಇರುವುದಿಲ್ಲ, ಮೊದಲ ಸೋಮವಾರವೇ ಅತ್ಯಂತ ಕಷ್ಟದ ದಿನ. ಗಂಡನಿಗೆ ಕುಗ್ಗು ಬರುವುದು ಎಂಟನೆಯ ತಿಂಗಳಿಗೆ, ಅಷ್ಟು ಹೊತ್ತಿಗೆ ಅವಳು ಚೇತರಿಸಿಕೊಂಡಿರುತ್ತಾಳೆ. ಒಬ್ಬರ ಏರು ಇನ್ನೊಬ್ಬರ ಇಳಿತಕ್ಕೆ ಎದುರಾದಾಗ ಮನೆಯಲ್ಲಿ ಜಗಳವಾಗುತ್ತದೆ. ಇದು ನಿಮ್ಮ ದಾಂಪತ್ಯದ ದೋಷವಲ್ಲ, ವೇಳಾಪಟ್ಟಿಯ ದೋಷವೆಂದು ಇಬ್ಬರೂ ಮೊದಲೇ ತಿಳಿದಿರುವುದು ಒಳ್ಳೆಯದು. ನೆರೆಹೊರೆಯ ವಿಷಯದಲ್ಲಿ ಅಲ್ಲಿನ ಕ್ರಮ ನಮಗಿಂತ ತಿರುವುಮುರುವು. ವಿಜಯನಗರದಲ್ಲಿ ಹೊಸಬರು ಬಂದರೆ ಪಕ್ಕದ ಮನೆಯವರು ನೀರು ಬೇಕೇ, ಕಾಫಿ ಬೇಕೇ ಎಂದು ಬರುತ್ತಾರೆ. ಅಲ್ಲಿ ಹೊಸಬರೇ ಹೋಗಿ ಕರೆಗಂಟೆ ಒತ್ತಿ ‘ನಾವು ಮೂರನೆಯ ಮಹಡಿಗೆ ಬಂದಿದ್ದೇವೆ’ ಎಂದು ಪರಿಚಯಿಸಿಕೊಳ್ಳಬೇಕು. ಇದು ತಿಳಿಯದೆ ಎಷ್ಟೋ ನಮ್ಮವರು ‘ಯಾರೂ ಮಾತನಾಡಿಸಲೇ ಇಲ್ಲ’ ಎಂದು ಕೊರಗುತ್ತ ಕುಳಿತಿರುತ್ತಾರೆ. ಪಾರ್ಸೆಲ್ ತಂದವರು ನೀವಿಲ್ಲದಿದ್ದರೆ ಅದನ್ನು ಪಕ್ಕದವರ ಕೈಗೆ ಕೊಟ್ಟು ಚೀಟಿ ಅಂಟಿಸಿ ಹೋಗುತ್ತಾರೆ. ಕೆಳಮನೆಯ ಅಜ್ಜಿಯೊಬ್ಬರು ನನಗೆ ಗೆಳತಿಯಾದದ್ದು ಹಾಗೆ ಬಂದ ಒಂದು ಇಡ್ಲಿ ಪಾತ್ರೆಯ ನೆವದಿಂದ. ಕನ್ನಡಿಗರ ಕೂಟಗಳೂ ಸಿಗುತ್ತವೆ, ಯುಗಾದಿ, ರಾಜ್ಯೋತ್ಸವಕ್ಕೆ ಹೋಗಿ ಬನ್ನಿ. ವಾರದ ಎಲ್ಲ ಸಂಜೆಗಳನ್ನೂ ಅಲ್ಲಿಯೇ ಕಳೆದರೆ ಮಾತ್ರ ಬೆಂಗಳೂರನ್ನು ಬಿಟ್ಟು ಬಂದ ಪ್ರಯೋಜನವಿಲ್ಲ.

ಕೊನೆಯದಾಗಿ ಅತ್ತೆಯವರು. ನೀವು ಮಾರ್ಚಿನವರೆಗೆ ಇಲ್ಲಿರುವುದರಿಂದ, ಮಗ ಹೋದ ದಿನವೇ ಸೊಸೆ, ಮೊಮ್ಮಗಳು ಎಲ್ಲರೂ ಒಟ್ಟಿಗೆ ಮನೆ ಖಾಲಿ ಮಾಡಿದಂತಾಗುವುದು ತಪ್ಪುತ್ತದೆ. ಈ ತಿಂಗಳುಗಳನ್ನು ಅವರ ಏರ್ಪಾಟಿಗೆ ಬಳಸಿಕೊಳ್ಳಿ. ಅವರ ಬ್ಯಾಂಕ್ ಖಾತೆ, ಪಿಂಚಣಿ, ಗ್ಯಾಸ್, ವಿದ್ಯುತ್ ಬಿಲ್ ಯಾವುದಕ್ಕೆಲ್ಲ ಮಗನ ಮೊಬೈಲ್ ಸಂಖ್ಯೆಗೆ ಓಟಿಪಿ ಬರುತ್ತದೆಂದು ಪಟ್ಟಿ ಮಾಡಿ. ಆಧಾರ್‌ಗೆ ಜೋಡಿಸಿದ ನಿಮ್ಮಿಬ್ಬರ ಸಂಖ್ಯೆಗಳನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಅಲ್ಲಿ ಸಂದೇಶ ಬರುವಂತೆ ರೋಮಿಂಗ್ ಇರಿಸಿಕೊಳ್ಳಿ. ಪತಿ ಅನಿವಾಸಿಯಾದ ಮೇಲೆ ಅವರ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಇದನ್ನು ಮರೆಯುವವರೇ ಹೆಚ್ಚು. ಅತ್ತೆಯವರು ನಿಮ್ಮನ್ನು ನೋಡಲು ಬರುವುದಾದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು. ಮೊದಲ ಸಲ ಜೂನ್‌ನಲ್ಲಿ ಕರೆಸಿಕೊಳ್ಳಿ, ರಾತ್ರಿ ಒಂಬತ್ತೂವರೆಗೂ ಬೆಳಕಿರುವುದನ್ನು ನೋಡಿದರೆ ಮಗ ಕತ್ತಲೂರಿಗೆ ಹೋಗಿದ್ದಾನೆಂಬ ಅವರ ಭಯ ಹೋಗುತ್ತದೆ. ಫೋನಿನ ವಿಷಯವನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಮೂರೂವರೆ. ಚಳಿಗಾಲದಲ್ಲಿ ಅಲ್ಲಿ ರಾತ್ರಿ ಊಟ ಮುಗಿಸಿ ಎಂಟಕ್ಕೆ ಫೋನ್ ಹಿಡಿದರೆ ಇಲ್ಲಿ ನಡುರಾತ್ರಿ ಹನ್ನೆರಡೂವರೆ. ಅವರು ನಿದ್ದೆಗೆಟ್ಟು ಕಾಯುತ್ತಾರೆ, ನೀವು ಆಯಾಸದಲ್ಲಿ ಎರಡು ಮಾತಾಡಿ ಇಡುತ್ತೀರಿ. ಅದರ ಬದಲು ಮಗಳು ಶಾಲೆಗೆ ಹೊರಡುವ ಮುನ್ನ ಏಳೂಕಾಲಿಗೆ ಫೋನ್ ಮಾಡಿ. ಆಗ ಇಲ್ಲಿ ಹನ್ನೊಂದೂಮುಕ್ಕಾಲು. ಅತ್ತೆಯವರ ಪೂಜೆ ಮುಗಿದಿರುತ್ತದೆ, ಕುಕ್ಕರ್ ಕೂಗುತ್ತಿರುತ್ತದೆ, ಮೊಮ್ಮಗಳ ಡಬ್ಬಿಗೆ ಏನು ಹಾಕಿದೆ ಎಂದು ಕೇಳುವುದಕ್ಕೆ ಅವರಿಗೂ ಪುರುಸೊತ್ತಿರುತ್ತದೆ.